ಎರಡು ರಾತ್ರಿ, 46 ವರ್ಷ

ರಿದಮ್ ಅಂಡ್ ಬ್ಲೂಸ್ ಗಾಯಕಿಯರಿಗೆಂದೇ ಗ್ರ್ಯಾಮಿಯಲ್ಲಿ ಪ್ರತ್ಯೇಕ ಪ್ರಶಸ್ತಿ ಶುರುವಾದದ್ದು 1968ರಲ್ಲಿ. ಆ ವರ್ಷ ಗೆದ್ದವರು ಅರೀತಾ ಫ್ರಾಂಕ್ಲಿನ್. ಮರುವರ್ಷವೂ ಅವರೇ, ಅದರ ಮರುವರ್ಷವೂ ಅವರೇ. 1975ರವರೆಗೆ, ಸತತ 8 ವರ್ಷ, ಆ ಪ್ರಶಸ್ತಿ ಬೇರೆ ಯಾರ ಕೈಗೂ ಹೋಗಲಿಲ್ಲ! ಒಟ್ಟು ಗ್ರ್ಯಾಮಿಗಳು 18.

ಈ ಕಂಠ ಪಳಗಿದ್ದು ಡೆಟ್ರಾಯಿಟ್‌ನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ತಂದೆ ಸಿ. ಎಲ್. ಫ್ರಾಂಕ್ಲಿನ್ ಅಲ್ಲಿ ಪಾದ್ರಿ. 1956ರಲ್ಲಿ ಅದೇ ಚರ್ಚಿನಲ್ಲಿ ಮಗಳ ಭಕ್ತಿಗೀತೆಗಳ ಧ್ವನಿಮುದ್ರಣವಾದಾಗ ಅವಳಿಗೆ 14 ವರ್ಷ. ಆಮೇಲೆ ದೊಡ್ಡ ಕಂಪನಿಯೊಂದರಲ್ಲಿ ಕಳೆದ ಆರು ವರ್ಷಗಳಲ್ಲಿ ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. 1967ರಲ್ಲಿ ಹಾಡಿದ 'ರೆಸ್ಪೆಕ್ಟ್' ಎರಡೂವರೆ ನಿಮಿಷವೂ ಇಲ್ಲ. ಅಷ್ಟರಲ್ಲೇ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಅವರದಾಯಿತು.

ಆದರೆ ನನ್ನನ್ನು ಬೆರಗುಗೊಳಿಸುವುದು 1972ರ ಜನವರಿ 13 ಮತ್ತು 14. ಕೀರ್ತಿಯ ತುದಿಯಲ್ಲಿದ್ದ 29ರ ಅರೀತಾ ಲಾಸ್ ಏಂಜಲೀಸ್‌ನ ಚರ್ಚೊಂದಕ್ಕೆ ಹೋಗಿ, ಗಾಯಕ ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತವರ ಗಾಯನವೃಂದದ ಜೊತೆ ನಿಂತು ಮತ್ತೆ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ, ಹಾಡಿದರು. ಅವರ ಅಷ್ಟೂ ಆಲ್ಬಮ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಈ ಎರಡು ರಾತ್ರಿಗಳ 'ಅಮೇಜಿಂಗ್ ಗ್ರೇಸ್': ಅಮೆರಿಕವೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು. ಪ್ರೇಮಗೀತೆ, ಕುಣಿತದ ಹಾಡುಗಳನ್ನೆಲ್ಲ ಹಿಂದೆ ಹಾಕಿ ದೇವರ ಹಾಡೇ ಗೆದ್ದಿತು.

ಚಲನಚಿತ್ರ ನಿರ್ದೇಶಕ ಸಿಡ್ನಿ ಪೊಲಾಕ್ ಆ ರಾತ್ರಿಗಳನ್ನು ಚಿತ್ರೀಕರಿಸಿದರು. ಶಾಟ್‌ಗೆ ಮುಂಚೆ ಕ್ಲ್ಯಾಪ್ ಹೊಡೆಯದೆ ಬಿಟ್ಟದ್ದರಿಂದ ದೃಶ್ಯಕ್ಕೂ ದನಿಗೂ ತಾಳೆಯಾಗಲಿಲ್ಲ. ರೀಲುಗಳು ಗೋದಾಮು ಸೇರಿದವು. ಡಿಜಿಟಲ್ ತಂತ್ರ ಬಂದು ಅದು ಸರಿಹೋದ ಮೇಲೂ ಬಿಡುಗಡೆಗೆ ಅರೀತಾ ಒಪ್ಪಲಿಲ್ಲ, ನ್ಯಾಯಾಲಯಕ್ಕೇ ಹೋದರು. 2018ರ ಆಗಸ್ಟ್ 16ರಂದು, 76ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲಷ್ಟೇ, 46 ವರ್ಷ ಕಾದು ಆ ಚಿತ್ರ ತೆರೆಗೆ ಬಂತು. ಅದರಲ್ಲೊಂದು ಗಳಿಗೆ ಇದೆ. ಪಿಯಾನೊ ಮುಂದೆ ಕುಳಿತು ಹಾಡುತ್ತಿರುವ ಮಗಳ ಬೆವೆತ ಮುಖವನ್ನು ತಂದೆ ಬಂದು ಬಟ್ಟೆಯಿಂದ ಒರೆಸುತ್ತಾರೆ. ಮಗಳು ಹಾಡು ನಿಲ್ಲಿಸುವುದಿಲ್ಲ. ಅಷ್ಟು ಪ್ರಶಸ್ತಿಗಳಿಗಿಂತ ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಆಲ್ಬಮ್‌ಗೆ ಹೆಸರು ಕೊಟ್ಟ 'ಅಮೇಜಿಂಗ್ ಗ್ರೇಸ್' ಗೀತೆಯನ್ನು ಬರೆದವನು ಜಾನ್ ನ್ಯೂಟನ್, ಒಂದು ಕಾಲಕ್ಕೆ ಆಫ್ರಿಕದ ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನ ಕಪ್ತಾನ. ಅವನ ಕೆಲವೇ ಸಾಲುಗಳನ್ನು ಸುಮಾರು 200 ವರ್ಷಗಳ ಬಳಿಕ ಈ ಕಪ್ಪು ಹೆಣ್ಣುಮಗಳು ಒಂದೊಂದು ಅಕ್ಷರವನ್ನೂ ಎಳೆದು, ಮುರಿದು, ಮತ್ತೆ ಕಟ್ಟಿ 10 ನಿಮಿಷಕ್ಕೂ ಮೀರಿ ಹಾಡಿದ್ದಾರೆ. ಒಂದು ಸಂಜೆ ಬಿಡುವು ಮಾಡಿಕೊಂಡು ಅದನ್ನು ಪೂರ್ತಿಯಾಗಿ ಕೇಳಿ.