ಒಂದು ಸಹಿಗೆ ಎಷ್ಟು ಅಂಕ?

ಜಗತ್ತಿನ ಬಡತನ ಓಡಿಸಲು ಕಾಲೇಜು ಕಾಲೇಜುಗಳ ನಡುವೆ ಪೈಪೋಟಿ ಹಚ್ಚಿದರೆ ಏನಾಗುತ್ತದೆ? ಅಮೆರಿಕದ ಕ್ಯಾಂಪಸ್‌ಗಳು ಆಡಿದ ಆಟ, ಗೆದ್ದ ಬಹುಮಾನ, ಲೆಕ್ಕಕ್ಕೆ ಬಾರದೆ ಉಳಿದ ಕೆಲಸ.

ಊಟದ ಹಾಲ್‌ನ ಬಾಗಿಲಲ್ಲೇ ಒಂದು ಮಡಚುವ ಮೇಜು. ಅದರ ಮೇಲೆ ಬಿಳಿ ಕೈಪಟ್ಟಿಗಳ ರಾಶಿ, ಸಹಿ ಹಾಳೆ, ಒಂದೆರಡು ಪೆನ್ನು. ತಟ್ಟೆ ಹಿಡಿಯುವ ಅವಸರದಲ್ಲಿ ಬಂದವರನ್ನು ಅಡ್ಡಗಟ್ಟಿ ವಿದ್ಯಾರ್ಥಿನಿಯೊಬ್ಬಳು ಕೇಳುತ್ತಾಳೆ: ‘ಎರಡು ನಿಮಿಷ ಇದೆಯಾ? ನಿಮ್ಮ ಸೆನೆಟರ್ ಕಚೇರಿಗೆ ಒಂದು ಫೋನ್ ಮಾಡಬೇಕಿತ್ತು.’ ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟಿದೆ, ಓದಿದರೆ ಸಾಕು. ಫೋನ್ ಇಟ್ಟ ಕೂಡಲೇ ಅವಳು ಹಾಳೆಯಲ್ಲೊಂದು ಗೀಟು ಎಳೆಯುತ್ತಾಳೆ. ಆ ಗೀಟು ಅವಳ ಕಾಲೇಜಿನ ಖಾತೆಗೆ ಜಮೆಯಾಗುವ ಅಂಕ.

2007ರಲ್ಲಿ ‘ಒನ್ ಕ್ಯಾಂಪಸ್ ಚಾಲೆಂಜ್’ ಶುರುವಾದಾಗ ಅಮೆರಿಕದ ಕಾಲೇಜುಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಇದರ ಹಿಂದಿದ್ದದ್ದು ‘ಒನ್’ ಎಂಬ ಆಂದೋಲನ. 2004ರ ಮೇ ತಿಂಗಳಲ್ಲಿ, ಫಿಲಡೆಲ್ಫಿಯಾದಲ್ಲಿ, ಹಲವು ಸೇವಾಸಂಸ್ಥೆಗಳು ಸೇರಿ ಕಟ್ಟಿದ್ದು. ಐರ್ಲೆಂಡಿನ ಯು2 ಬ್ಯಾಂಡಿನ ಹಾಡುಗಾರ ಬೊನೊ ಅದರ ಮುಖ. ವಿಚಿತ್ರವೆಂದರೆ ಅವರು ಯಾರ ಹತ್ತಿರವೂ ಕಾಸು ಕೇಳಲಿಲ್ಲ. ಕೇಳಿದ್ದು ಸಹಿ, ಫೋನ್, ಪತ್ರ. ಅಮೆರಿಕ ಸರ್ಕಾರ ತನ್ನ ಬಜೆಟ್ಟಿನ ಇನ್ನೊಂದು ಶೇಕಡಾ ಭಾಗವನ್ನು ಜಗತ್ತಿನ ಕಡುಬಡವರಿಗೆಂದು ತೆಗೆದಿಡಲಿ ಎಂಬುದು ಬೇಡಿಕೆ. ‘ಒನ್’ ಎಂಬ ಹೆಸರಿನಲ್ಲಿ ಆ ಒಂದೂ ಅಡಗಿತ್ತು.

ಆದರೆ ಇಪ್ಪತ್ತರ ಹುಡುಗರನ್ನು ಬಜೆಟ್ಟಿನ ಶೇಕಡಾ ಲೆಕ್ಕದಿಂದ ಎಬ್ಬಿಸಲಾದೀತೇ? ಅದಕ್ಕೆ ಹೂಡಿದ ಉಪಾಯವೇ ಪಂದ್ಯ. ಯಾವ ಕ್ಯಾಂಪಸ್ ಎಷ್ಟು ಸದಸ್ಯರನ್ನು ಸೇರಿಸಿತು, ಎಷ್ಟು ಫೋನ್ ಮಾಡಿಸಿತು, ಎಷ್ಟು ಸಭೆ ನಡೆಸಿತು ಎಂಬುದಕ್ಕೆಲ್ಲ ಅಂಕ, ಅಂಕಕ್ಕೆ ತಕ್ಕ ಸ್ಥಾನ. ನಮ್ಮಲ್ಲಿ ಯುವಜನೋತ್ಸವದ ಸಮಗ್ರ ಪ್ರಶಸ್ತಿಯ ಶೀಲ್ಡ್ ಪಕ್ಕದ ಕಾಲೇಜಿಗೆ ಹೋದರೆ ಹಾಸ್ಟೆಲಿನಲ್ಲಿ ಎರಡು ದಿನ ಊಟ ಸೇರುವುದಿಲ್ಲವಷ್ಟೆ? ಅಮೆರಿಕದಲ್ಲಿ ಆ ಕಿಚ್ಚು ಫುಟ್‌ಬಾಲಿನದು, ಹತ್ತು ಪಟ್ಟು ಜೋರು. ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳ ಜಿದ್ದು ಎಷ್ಟೆಂದರೆ, ಯಾರು ಹೆಚ್ಚು ರಕ್ತ ಕೊಟ್ಟರು ಎಂದು ರಕ್ತದಾನದಲ್ಲೂ 1982ರಿಂದ ಅವರು ಸ್ಪರ್ಧೆ ನಡೆಸುತ್ತ ಬಂದಿದ್ದಾರೆ. ‘ಒನ್’ ಆ ಕಿಚ್ಚಿನ ಕೊಳ್ಳಿಯೊಂದನ್ನು ಎತ್ತಿ ಬೇರೆ ಒಲೆಗೆ ಇಟ್ಟಿತು.

ಮಿಷಿಗನ್‌ನ ಹೆಸರು ಬಂದದ್ದಕ್ಕೆ ಹಳೆಯದೊಂದು ಸಂಗತಿ ಹೇಳಲೇಬೇಕು. 1960ರ ಅಕ್ಟೋಬರ್ 14, ರಾತ್ರಿ ಎರಡು ಗಂಟೆ. ಚುನಾವಣಾ ಪ್ರಚಾರದಲ್ಲಿದ್ದ ಜಾನ್ ಕೆನಡಿ ಮಿಷಿಗನ್ ಕ್ಯಾಂಪಸ್ಸಿಗೆ ಬಂದಿಳಿದರು. ಅಷ್ಟು ಹೊತ್ತಿನಲ್ಲೂ ಸಾವಿರಾರು ವಿದ್ಯಾರ್ಥಿಗಳು ಕಾದಿದ್ದರು. ಮೆಟ್ಟಿಲ ಮೇಲೆ ನಿಂತು ಕೆಲವೇ ನಿಮಿಷ ಮಾತಾಡಿದ ಕೆನಡಿ, ಬಡದೇಶಗಳಿಗೆ ಹೋಗಿ ದುಡಿಯಲು ನಿಮ್ಮಲ್ಲಿ ಎಷ್ಟು ಜನ ತಯಾರಿದ್ದೀರಿ ಎಂದು ಕೇಳಿ ಮಲಗಲು ಹೋದರು. ಹುಡುಗರು ಮಲಗಲಿಲ್ಲ. ಮುಂದಿನ ದಿನಗಳಲ್ಲಿ ಸಹಿ ಸಂಗ್ರಹಿಸಿದರು. 1961ರ ಮಾರ್ಚ್ 1ರಂದು, ಬಡದೇಶಗಳಿಗೆ ಹೋಗಿ ದುಡಿಯುವ ಸ್ವಯಂಸೇವಕರ ಪಡೆ ‘ಪೀಸ್ ಕೋರ್’ ಹುಟ್ಟಿತು. ಆ ಪಡೆಯ ಸ್ವಯಂಸೇವಕರು ಅರವತ್ತರ ದಶಕದಲ್ಲಿ ಭಾರತಕ್ಕೂ ಬಂದರು, ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ. ಆ ಸಹಿಗಳಿಗೆ ಯಾರೂ ಅಂಕ ಕೊಟ್ಟಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಫೋನ್ ಮಾಡಿಸುವ ಕೆಲಸ ನೋಡಲು ಸಪ್ಪೆ. ಅದಕ್ಕೆ ಫೋಟೊ ಇಲ್ಲ, ವೇದಿಕೆ ಇಲ್ಲ. ಆದರೂ ಅದು ಏಕೆ ಬೇಕಿತ್ತು ಎಂಬುದಕ್ಕೆ ಒಂದು ಕಾರಣ ಸಾಕು. ವಿದೇಶಿ ನೆರವಿಗೆ ನಿಮ್ಮ ಬಜೆಟ್ಟಿನಲ್ಲಿ ಎಷ್ಟು ಪಾಲು ಹೋಗುತ್ತದೆ ಎಂದು ಅಮೆರಿಕನ್ನರನ್ನು ಸಮೀಕ್ಷೆಗಳಲ್ಲಿ ಕೇಳಿದಾಗಲೆಲ್ಲ ಸರಾಸರಿ ಉತ್ತರ ಕಾಲುಭಾಗದ ಆಸುಪಾಸಿನಲ್ಲಿತ್ತು. ನಿಜಕ್ಕೂ ಹೋಗುತ್ತಿದ್ದದ್ದು ಶೇಕಡಾ ಒಂದರಷ್ಟು. ಮನೆಯ ದುಡ್ಡೆಲ್ಲ ಪರದೇಶದ ಪಾಲಾಗುತ್ತಿದೆ ಎಂದು ನಂಬಿದ ಮತದಾರನ ಎದುರು ಯಾವ ಸಂಸದ ತಾನೇ ನೆರವಿನ ಪರ ಕೈ ಎತ್ತುತ್ತಾನೆ? ಅವನ ಕಚೇರಿಯ ಫೋನ್ ಬೆಳಗಿನಿಂದ ಬಡಿದುಕೊಂಡರೆ ಮಾತು ಬೇರೆ.

2008ರ ಜುಲೈನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಏಡ್ಸ್ ವಿರುದ್ಧದ ವಿದೇಶಿ ನೆರವಿನ ‘ಪೆಪ್‌ಫಾರ್’ ಯೋಜನೆಯನ್ನು ಮುಂದುವರಿಸುವ ಕಾಯ್ದೆಗೆ ಸಹಿ ಹಾಕಿದರು. ಏಡ್ಸ್, ಕ್ಷಯ, ಮಲೇರಿಯಾಗಳಿಗೆ ಐದು ವರ್ಷಕ್ಕೆ 4,800 ಕೋಟಿ ಡಾಲರ್. ಇದನ್ನು ಹುಡುಗರೇ ಗೆದ್ದುಕೊಟ್ಟರು ಎಂದರೆ ಅತಿಯಾದೀತು. ಚರ್ಚುಗಳಿದ್ದವು, ವೈದ್ಯರಿದ್ದರು, ಎರಡೂ ಪಕ್ಷಗಳ ಒಪ್ಪಿಗೆಯಿತ್ತು. ಆದರೆ ಅದು ‘ಒನ್’ ಒತ್ತಾಯಿಸಿದ ಮಸೂದೆಗಳಲ್ಲೊಂದು, ಅದರ ಬೆನ್ನಿಗಿದ್ದ ಸದ್ದಿನಲ್ಲಿ ಕ್ಯಾಂಪಸ್ಸಿನ ದನಿಯೂ ಇತ್ತು. ಆ ಹಣ ಮಾತ್ರೆಯಾಗಿ ಆಫ್ರಿಕಾ ಸೇರುವ ದಾರಿಯಲ್ಲಿ ನಮ್ಮ ದೇಶವೂ ಸಿಗುತ್ತದೆ. ಒಬ್ಬ ಏಡ್ಸ್ ರೋಗಿಗೆ ವರ್ಷಕ್ಕೆ 10,000 ಡಾಲರ್ ಬೀಳುತ್ತಿದ್ದ ಔಷಧಿಯನ್ನು 350 ಡಾಲರಿಗೆ ಕೊಡುತ್ತೇನೆಂದು 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಮುಂದೆ ಬಂದಿತ್ತು. ಆಮೇಲೆ ಪೆಪ್‌ಫಾರ್ ಕೂಡ ಭಾರತದ ಅಗ್ಗದ ಔಷಧಿಗಳಿಗೆ ಬಾಗಿಲು ತೆರೆಯಿತು. ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿಯ ಮಾತ್ರೆಗಳೂ ಆ ಪಟ್ಟಿ ಸೇರಿದವು. ಊಟದ ಹಾಲ್ ಎದುರಿನ ಗೀಟಿಗೂ ಬೆಂಗಳೂರಿನ ಮಾತ್ರೆಗೂ ನಡುವೆ ಇಂಥದೊಂದು ದಾರ ಇದ್ದದ್ದು ಎಳೆದವಳಿಗೂ ಗೊತ್ತಿರಲಾರದು.

ಅಂಕದ ಆಟಕ್ಕೆ ಒಂದು ಕಾಯಿಲೆಯೂ ಇದೆ. ಎಣಿಸಲು ಸುಲಭವಾದದ್ದು ಮಾತ್ರ ಕೆಲಸವೆನಿಸಿಕೊಳ್ಳುತ್ತದೆ. ಈ ಕಾಯಿಲೆ ಅಮೆರಿಕದ್ದು ಮಾತ್ರವೆಂದು ಯಾರೂ ಬೀಗಬೇಕಿಲ್ಲ. ಗಾಂಧಿ ಶತಮಾನೋತ್ಸವದ ನೆನಪಿಗೆ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್ನೆಸ್ಸೆಸ್ಸಿನ, ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ನಾನು ಹೋದ ಏಳು ದಿನದ ಶಿಬಿರದಲ್ಲಿ ಶ್ರಮದಾನಕ್ಕೆ ಹಾಜರಿ, ಹಾಜರಿಗೆ ಅಂಕ, ಕೊನೆಗೆ ‘ಉತ್ತಮ ಶಿಬಿರಾರ್ಥಿ’ ಬಹುಮಾನ. ಮುಖ್ಯ ಅತಿಥಿಗಳು ಬರುವ ದಿನ ಮುಗಿದುಹೋಗಿದ್ದ ಚರಂಡಿಯನ್ನೇ ಮತ್ತೆ ಅರ್ಧ ಅಡಿ ಆಳ ತೋಡಿದೆವು, ಫೋಟೊಕ್ಕೆ ಹಾರೆ ಎತ್ತಬೇಕಲ್ಲ. ಊರಿನ ನೀರು ಹರಿಯಬೇಕಾದ ಇಳಿಜಾರು ಆ ಅರ್ಧ ಅಡಿಯಲ್ಲಿ ಹಾಳಾಯಿತು. ಬಹುಮಾನ ಬಂದದ್ದು ನನಗಲ್ಲ, ಅದೊಂದು ಸಮಾಧಾನ.

‘ಒನ್’ ಪಂದ್ಯ ಶುರುವಾದ 2007ರಲ್ಲೇ, ಅಮೆರಿಕದ ಇಂಡಿಯಾನಾದಲ್ಲಿ ಜಾನ್ ಬ್ರೀನ್ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ‘ಫ್ರೀ ರೈಸ್’ ಎಂಬ ಆಟ ಮಾಡಿದರು. ಮಗನ ಪರೀಕ್ಷೆಗೆ ಇಂಗ್ಲಿಷ್ ಪದ ಕಲಿಸಲು ಹೊರಟದ್ದು ಹೀಗೆ ಬೆಳೆಯಿತು. ಒಂದು ಪದದ ಅರ್ಥ ಸರಿಯಾಗಿ ಗುರುತಿಸಿದರೆ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮಕ್ಕೆ 10 ಕಾಳು ಅಕ್ಕಿ ಹೋಗುತ್ತಿತ್ತು, ದುಡ್ಡು ಕೊಡುತ್ತಿದ್ದವರು ಜಾಹೀರಾತುದಾರರು. ಇದರಲ್ಲೂ ಶಾಲೆ ಕಾಲೇಜುಗಳು ಗುಂಪು ಕಟ್ಟಿ ಪೈಪೋಟಿಗಿಳಿದವು. ಕೂತು ಲೆಕ್ಕ ಹಾಕಿದೆ: ಒಂದು ಕಿಲೊ ಅಕ್ಕಿಯಲ್ಲಿ ಅಂದಾಜು ಐವತ್ತು ಸಾವಿರ ಕಾಳು ಎಂದಿಟ್ಟುಕೊಂಡರೆ ಐದು ಸಾವಿರ ಸರಿಯುತ್ತರ ಬೇಕು. ನಮ್ಮ ರೇಷನ್ ಅಂಗಡಿಯಲ್ಲಿ ಒಬ್ಬರ ಪಾಲಿನ ಐದು ಕಿಲೊ ಅಕ್ಕಿಗೆ ಇಪ್ಪತ್ತೈದು ಸಾವಿರ! ಆಟ ಕೆಟ್ಟದ್ದಲ್ಲ, ಆದರೆ ಅಕ್ಕಿಗಿಂತ ಇಂಗ್ಲಿಷೇ ಅದರಲ್ಲಿ ಹೆಚ್ಚು ಬೆಳೆಯಿತು ಎಂದು ನನ್ನ ಗುಮಾನಿ.

ಇನ್ನು ಬಡತನದ ವಿರುದ್ಧ ದುಡಿಯುವ ಆಕ್ಸ್‌ಫ್ಯಾಮ್ ಸಂಸ್ಥೆಯವರು ಅಮೆರಿಕದ ಕ್ಯಾಂಪಸ್‌ಗಳಲ್ಲಿ ಜನಪ್ರಿಯಗೊಳಿಸಿದ ‘ಹಸಿವಿನ ಔತಣ’. ಬಾಗಿಲಲ್ಲಿ ಚೀಟಿ ಎತ್ತಬೇಕು. ಅದೃಷ್ಟವಿದ್ದ ಕೆಲವರಿಗೆ ಮೇಜು, ಬಿಳಿ ಹಾಸು, ಪೂರ್ತಿ ಊಟ. ಇನ್ನು ಕೆಲವರಿಗೆ ಕುರ್ಚಿ, ಅನ್ನ, ಬೀನ್ಸ್ ಕಾಳು. ಉಳಿದ ಬಹುಪಾಲು ಜನಕ್ಕೆ ನೆಲ, ಒಂದಿಷ್ಟು ಅನ್ನ, ನೀರು. ಜಗತ್ತಿನ ಊಟ ಹೇಗೆ ಹಂಚಿಹೋಗಿದೆ ಎಂದು ಹೊಟ್ಟೆಗೇ ತಿಳಿಸಿಕೊಡುವ ಪಾಠ ಇದು, ಜಾಣತನದ್ದೇ. ನೆಲದ ಮೇಲೆ ಕೂತು ಅನ್ನ ತಿನ್ನುವುದನ್ನು ಬಡತನದ ವೇಷವೆಂದರೆ ಮಾತ್ರ, ಮದುವೆ ಮನೆಯ ಮೊದಲ ಪಂಕ್ತಿಗೆ ನುಗ್ಗಿ ಎಲೆ ಹಿಡಿದ ನಮಗೆ ನಗು ಬರುತ್ತದೆ.

ಎರಡು ಸಾವಿರದ ಹತ್ತರ ನಂತರ ಗಾಳಿ ತಿರುಗಿತು. ಸರ್ಕಾರವನ್ನು ಕೇಳುವುದು ಹಳತಾಯಿತು, ಕಂಪನಿ ಕಟ್ಟುವುದು ಹೊಸತಾಯಿತು. ಆ ಗಾಳಿಯ ದೊಡ್ಡ ಹೆಸರು ‘ಹಲ್ಟ್ ಪ್ರೈಜ್’. 2009ರಲ್ಲಿ ಹಲ್ಟ್ ಬಿಸಿನೆಸ್ ಶಾಲೆಯ ವಿದ್ಯಾರ್ಥಿ ಅಹ್ಮದ್ ಅಷ್ಕರ್ ಹುಟ್ಟುಹಾಕಿದ ಸ್ಪರ್ಧೆ. ಜಗತ್ತಿನ ಕಾಲೇಜುಗಳಿಂದ ತಂಡಗಳು ಬರುತ್ತವೆ, ಬಡವರ ಒಂದು ಸಮಸ್ಯೆಗೆ ವ್ಯಾಪಾರದ ದಾರಿ ಹೇಳುತ್ತವೆ. ಗೆದ್ದವರಿಗೆ 10 ಲಕ್ಷ ಡಾಲರ್. ಆ ವರ್ಷಗಳಲ್ಲಿ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕೈಯಿಂದ ಬಹುಮಾನ ಸಿಗುತ್ತಿತ್ತು. ಗೀಟು ಎಳೆಯುತ್ತಿದ್ದ ಹಾಳೆಯ ಜಾಗಕ್ಕೆ ಕೆಲವೇ ನಿಮಿಷದ ಭಾಷಣ, ಸ್ಲೈಡು, ಸೂಟು ಬಂದವು.

2014ರ ವಿಷಯ ಕೊಳೆಗೇರಿಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ದೀರ್ಘ ರೋಗಗಳು. ಗೆದ್ದದ್ದು ನಮ್ಮ ನೆರೆಯ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ಸಿನ ‘ನ್ಯಾನೊಹೆಲ್ತ್’ ತಂಡ. ಬಸ್ತಿಯವರಿಗೇ ತರಬೇತಿ ಕೊಟ್ಟು, ತಪಾಸಣೆಯ ಸಾಧನಗಳಿದ್ದ ಚೀಲ ಹೊರಿಸಿ ಮನೆಮನೆಗೆ ಕಳಿಸುವ ಯೋಚನೆ. ಆಶಾ ಕಾರ್ಯಕರ್ತೆಯರನ್ನು ಕಂಡ ನಮಗೆ ಅದು ಅಪರಿಚಿತವಲ್ಲ. 2016ರಲ್ಲಿ ಇಂಡಿಯಾನಾದ ಪುಟ್ಟ ಅರ್ಲಮ್ ಕಾಲೇಜು ಗೆದ್ದಿತು, ಕೀನ್ಯಾದ ಬಸ್ಸುಗಳಿಗೆ ಮೊಬೈಲ್ ಟಿಕೆಟ್ ತರುವ ಯೋಜನೆಯಿಂದ. ಮರುವರ್ಷ ರಟ್ಗರ್ಸ್ ವಿಶ್ವವಿದ್ಯಾಲಯದ ತಂಡ, ಕರಾಚಿಯ ಬಡ ಬಡಾವಣೆಗೆ ಆಟೊರಿಕ್ಷಾ ಸೇವೆಯ ಯೋಜನೆಯಿಂದ.

ನನ್ನನ್ನು ಹೆಚ್ಚು ಕಾಡುವುದು 2013ರ ಗೆಲುವು. ಆ ವರ್ಷದ ಪ್ರಶ್ನೆ ಕೊಳೆಗೇರಿಗಳ ಹಸಿವು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಐವರು ಕೊಟ್ಟ ಉತ್ತರ ಹುಳ. ಹುಳಗಳಲ್ಲಿ ಪ್ರೋಟೀನು ಹೇರಳ, ಸಾಕಲು ನೀರು ಜಾಗ ಎರಡೂ ಕಡಿಮೆ, ಹಲವು ದೇಶಗಳಲ್ಲಿ ಜನ ತಲೆತಲಾಂತರದಿಂದ ತಿಂದವೇ. ಘಾನಾದಲ್ಲಿ ತಾಳೆಮರದ ಹುಳ ಸಾಕಿಸಿ ನೋಡಿದರು. ಅವರು ಕಟ್ಟಿದ ಕಂಪನಿ ಬೆಳೆಯಿತು, ಹೂಡಿಕೆ ಬಂತು. ಕೊನೆಗೆ ಕೆನಡಾದ ಲಂಡನ್ ಎಂಬ ಊರಿನಲ್ಲಿ ಚಿಮ್ಮುಂಡೆ ಸಾಕುವ ಭಾರಿ ಕಾರ್ಖಾನೆ ಎದ್ದಿತು. ಅಲ್ಲಿಯ ಪುಡಿಗೆ ಮುಖ್ಯ ಗಿರಾಕಿಗಳಾದದ್ದು ಸಾಕುಪ್ರಾಣಿಗಳ ಆಹಾರ ಮಾಡುವವರು. ಹುಡುಗರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಕೊಳ್ಳುವ ಶಕ್ತಿ ಎಲ್ಲಿದೆಯೋ ಅತ್ತ ಸರಕು ಹರಿಯುತ್ತದೆ, ಕೊಳೆಗೇರಿಯವನಿಗೆ ಇಲ್ಲದ್ದು ಅದೇ ಶಕ್ತಿ. ಹೂಡಿಕೆದಾರರನ್ನು ಒಲಿಸಬೇಕಾದ ಆಟದಲ್ಲಿ ಹಸಿದವನ ಕೈಲಿ ಅಂಕ ಹಾಕುವ ಪೆನ್ನೇ ಇರುವುದಿಲ್ಲ.

ಇದಕ್ಕೆ ಹೋಲಿಸಿದರೆ ಹುಬ್ಬಳ್ಳಿಯಲ್ಲಿ ಉದ್ಯಮಿ ಗುರುರಾಜ ದೇಶಪಾಂಡೆ ಅವರ ಫೌಂಡೇಶನ್ನು ನಡೆಸುವ ‘ಲೀಡ್’ ಕಾರ್ಯಕ್ರಮ ಸಣ್ಣದು, ಅದೇ ಅದರ ಗುಣ. ಉತ್ತರ ಕರ್ನಾಟಕದ ಕಾಲೇಜು ಹುಡುಗರು ತಮ್ಮ ಸುತ್ತಲಿನ ಒಂದು ತೊಂದರೆ ಹಿಡಿದು ಬರುತ್ತಾರೆ, ಕೈಗೆ ಸಣ್ಣ ಮೊತ್ತ ಸಿಗುತ್ತದೆ. ಅವರು ಸೋತರೆ ಊರಿನವರೇ ದಾರಿಯಲ್ಲಿ ತಡೆದು ವಿಚಾರಿಸುತ್ತಾರೆ.

ಜಗತ್ತಿನ ಬಡತನ ಇಳಿದದ್ದು ನಿಜ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 1990ರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಡುಬಡವರು, ಈಗ ಹತ್ತರಲ್ಲಿ ಒಬ್ಬರ ಆಸುಪಾಸು. ಇದರ ದೊಡ್ಡ ಪಾಲು ಚೀನಾದ, ಆಮೇಲೆ ಭಾರತದ ಆರ್ಥಿಕತೆಯದು, ಯಾವ ಕ್ಯಾಂಪಸ್ ಸ್ಪರ್ಧೆಯದೂ ಅಲ್ಲ. ಆದರೂ ಬಹುಮಾನ ಗೆದ್ದ ಕಂಪನಿಗಳಿಗಿಂತ ಆ ಸಪ್ಪೆ ಫೋನುಗಳೇ ಹೆಚ್ಚು ಜೀವ ಉಳಿಸಿದವು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಫೋನುಗಳು ಗಳಿಸಿಕೊಟ್ಟದ್ದು ಎಷ್ಟು ನಾಜೂಕಿನದು ಎಂಬುದೂ ಗೊತ್ತಾಯಿತು. 2025ರ ಜನವರಿ 20ರಂದು ಹೊರಬಿದ್ದ ಒಂದು ಆದೇಶ ಅಮೆರಿಕದ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ಕ್ಕೆ, ಕೆನಡಿಯೇ 1961ರಲ್ಲಿ ಕಟ್ಟಿದ್ದ ನೆರವಿನ ಸಂಸ್ಥೆ ಯುಎಸ್‌ಎಯ್ಡ್ ಬಾಗಿಲು ಹಾಕಿತು. ಗೀಟುಗಳು ಕೂಡಿಸಿದ್ದನ್ನು ಅಳಿಸಲೂ ಒಂದೇ ಸಹಿ ಸಾಕಾಯಿತು.

ಅಂಕವಿಲ್ಲದ ಇನ್ನೊಂದು ಹಾಳೆಯ ಕಥೆ ಉಳಿದಿದೆ. 1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಮಹಮ್ಮದ್ ಯೂನುಸ್, ಕ್ಯಾಂಪಸ್ಸಿನ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಯಾರು ಯಾರಿಗೆ ಎಷ್ಟು ಸಾಲ ತೀರಿಸಬೇಕೆಂದು ಪಟ್ಟಿ ಮಾಡಿಸಿದರು. ವಿದ್ಯಾರ್ಥಿಗಳೂ ಜೊತೆಗಿದ್ದರು. ಒಂದು ವಾರ ಹಿಡಿಯಿತು. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರು ಸೇರಿ 42 ಹೆಸರು, ಎಲ್ಲರ ಸಾಲ ಕೂಡಿಸಿದರೆ 856 ಟಾಕಾ, ಆಗಿನ 27 ಡಾಲರಿಗೂ ಕಡಿಮೆ. ಯೂನುಸ್ ಅದನ್ನು ಜೇಬಿನಿಂದ ಕೊಟ್ಟರು. ಅಲ್ಲಿಂದ ಗ್ರಾಮೀಣ ಬ್ಯಾಂಕ್, 2006ರ ನೊಬೆಲ್, ಜಗತ್ತಿನ ತುಂಬ ಮೈಕ್ರೊಫೈನಾನ್ಸ್. ಆ ಹಾದಿ ಹರಿದು ಹರಿದು ನಮ್ಮ ಹಳ್ಳಿಗಳಿಗೂ ಬಂತು. 2025ರ ಫೆಬ್ರವರಿಯಲ್ಲಿ, ಕಂತು ಕಟ್ಟದವರ ಮನೆ ಬಾಗಿಲಲ್ಲಿ ನಿಂತು ಪೀಡಿಸುವವರ ವಿರುದ್ಧ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಈಗ ಯಾವುದಾದರೂ ಕಾಲೇಜಿನ ನಾಲ್ಕು ಹುಡುಗರು ಮತ್ತೆ ಪಕ್ಕದ ಹಳ್ಳಿಗೆ ಹೋಗಿ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಕೇಳುತ್ತ ಒಂದು ವಾರ ಕೂತರೆ ಆ ಪಟ್ಟಿ ಎಷ್ಟು ಉದ್ದವಾದೀತೋ.