ಕಂಬ ಹತ್ತೋಣ, ಮೈ ಹೇಳೋದನ್ನ ಕೇಳಿಕೊಂಡು

ಡಿಸೆಂಬರ್ ಬಂತೆಂದರೆ ಉಮೆಯೊದಲ್ಲಿ ಹಗಲು ಅನ್ನೋದು ನಾಲ್ಕೂವರೆ ಗಂಟೆ ಅಷ್ಟೇ. ಮಧ್ಯಾಹ್ನ ಎರಡಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮೊದಲ ವರ್ಷದ ಚಳಿಗಾಲವನ್ನು ನಾವು ಓಲಿಡ್‌ಹೆಮ್‌ನ ಕಾರಿಡಾರ್ ಅಡುಗೆಮನೆಯಲ್ಲಿ ಚಿತ್ರಾನ್ನ ತಿಂದು, ಲ್ಯಾಪ್‌ಟಾಪ್ ನೋಡಿ ಕಳೆದೆವು. ಎರಡನೇ ಚಳಿಗಾಲಕ್ಕೆ ಹಾಗೆ ಮಾಡಬಾರದು ಅಂತ ನಿರ್ಧರಿಸಿ, ನಮ್ಮಲ್ಲಿ ನಾಲ್ವರು, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ಪೋಲ್ ಡಾನ್ಸ್ ಕ್ಲಾಸಿಗೆ ಸೇರಿದ್ವಿ.

ಮನೆಯಲ್ಲಿ ಹೇಳಿದವಳು ಒಬ್ಬಳೇ. "ಕಂಬ ಹತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ನಮ್ಮ ಹಿತ್ತಲಲ್ಲಿ ತೆಂಗಿನಮರ ಇರ್ಲಿಲ್ವಾ?" ಅಂತ ಅವಳ ಅಮ್ಮ ಕೇಳಿದರಂತೆ. ಉಳಿದ ಮೂವರು ಆ ವಿಷಯವನ್ನೇ ಎತ್ತಲಿಲ್ಲ. ಸಿನಿಮಾದಲ್ಲಿ ಬರೋ ಬಾರ್ ದೃಶ್ಯ ನೆನಪಾಗಿ ಅಪ್ಪ ಅಮ್ಮ ಗಾಬರಿಯಾಗ್ತಾರೆ ಅನ್ನೋ ಸಂಕೋಚ. ಆ ಸಂಕೋಚಕ್ಕೆ ಒಬ್ಬಳು ದೊಡ್ಡ ಬೆಲೆ ತೆರಬೇಕಾಯಿತು. ಆ ಕಥೆ ಮುಂದೆ ಹೇಳ್ತೀವಿ. ಈ ಸಲದ ಸಂಚಿಕೆಗೆ ಈ ಲೇಖನ ಬರೆಯೋಕೆ ಅದೇ ಕಾರಣ.

ಕಂಬ ನಮಗೆ ಹೊಸದಲ್ಲ

ಉತ್ತರ ಕರ್ನಾಟಕದ ಗೆಳೆಯರಿಗೆ ಮಲ್ಲಕಂಬ ಗೊತ್ತೇ ಇರುತ್ತದೆ. ಗದಗ, ಬಾಗಲಕೋಟೆ ಕಡೆಯ ಮಕ್ಕಳು ಕಂಬದ ಮೇಲೆ ಯೋಗಾಸನ ಹಾಕುವುದನ್ನು ನೋಡಿರುತ್ತೀರಿ. ಕರಾವಳಿಯವರು ಮೂಡುಬಿದಿರೆಯ ಆಳ್ವಾಸ್ ವಿದ್ಯಾರ್ಥಿಗಳ ಪ್ರದರ್ಶನ ನೋಡಿರಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಕುಸ್ತಿಪಟುಗಳ ಕಂಬದ ಅಭ್ಯಾಸದ ಪ್ರಸ್ತಾಪವಿದೆ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಪೇಶ್ವೆ ಎರಡನೇ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಅದಕ್ಕೆ ಮತ್ತೆ ಜೀವ ಕೊಟ್ಟರು. 2019ರಲ್ಲಿ ಮುಂಬೈಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಕೂಡ ನಡೆಯಿತು.

ಮಲ್ಲಕಂಬ, ಪೋಲ್ ಎರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದವು. ಅದು ಗರಡಿಮನೆಯಿಂದ ಬಂದದ್ದು, ಇದು ಸರ್ಕಸ್ ಮತ್ತು ಕ್ಲಬ್ಬಿನ ವೇದಿಕೆಯಿಂದ ಜಿಮ್ಮಿಗೆ ಬಂದದ್ದು. 2017ರಲ್ಲಿ ಅಂತರರಾಷ್ಟ್ರೀಯ ಪೋಲ್ ಕ್ರೀಡಾ ಒಕ್ಕೂಟಕ್ಕೆ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘದಲ್ಲಿ ವೀಕ್ಷಕ ಸ್ಥಾನ ಸಿಕ್ಕಿತು. ಆದರೆ ಎರಡೂ ಕಡೆ ಮೈ ಮಾಡುವ ಕೆಲಸ ಒಂದೇ: ನಮ್ಮ ಪೂರ್ತಿ ಭಾರವನ್ನು ಕೈ, ತೊಡೆ, ಕಂಕುಳುಗಳ ಹಿಡಿತದಲ್ಲಿ ನಿಲ್ಲಿಸಬೇಕು. ಪೆಟ್ಟಾಗುವ ಜಾಗಗಳೂ ಬಹುಮಟ್ಟಿಗೆ ಅವೇ.

ಹಿಡಿಯೋದು ಚರ್ಮ, ಬಟ್ಟೆಯಲ್ಲ

ಮಲ್ಲಕಂಬ ಮರದ್ದು, ದಪ್ಪ, ಮೇಲೆ ಹೋದಂತೆ ಸಣ್ಣಗಾಗುತ್ತದೆ. ಉಜ್ಜುವಿಕೆ ಅತಿಯಾಗದಿರಲಿ ಅಂತ ಅದಕ್ಕೆ ಹರಳೆಣ್ಣೆ ಹಚ್ಚುತ್ತಾರೆ. ಪೋಲ್ ಲೋಹದ್ದು. ಸಾಮಾನ್ಯವಾಗಿ 45 ಮಿಲಿಮೀಟರ್ ವ್ಯಾಸ, ನುಣುಪು. ಇಲ್ಲಿ ಎಣ್ಣೆ ಬಿದ್ದರೆ ಕೆಲಸ ಕೆಟ್ಟಿತು. ನುಣುಪಾದ ಲೋಹಕ್ಕೆ ಅಂಟಿಕೊಳ್ಳುವುದು ಬರೀ ಚರ್ಮ. ಬಟ್ಟೆ ಜಾರುತ್ತದೆ. ಚಡ್ಡಿ ಹಾಕೋದು ಇದಕ್ಕೇ. ಮನೆಯವರಿಗೆ ಹೇಳುವಾಗ ಈ ಒಂದು ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ಉಮೆಯೊದಲ್ಲಿ ಇದರ ಜೊತೆ ಎರಡು ತೊಡಕು. ಮೊದಲನೆಯದು ಲೋಷನ್. ಚಳಿಗಾಲದ ಒಣ ಹವೆಗೆ ಮೈ ಬಿರಿಯುತ್ತೆ, ನಾವೆಲ್ಲ ದಿನಾ ಲೋಷನ್ ಬಳಿದುಕೊಳ್ತೀವಿ. ಕ್ಲಾಸಿನ ದಿನ ಬೇಡ, ಹಿಂದಿನ ರಾತ್ರಿ ಹಚ್ಚಿದ್ದೂ ಕೆಲವರಿಗೆ ಜಾರಿಸುತ್ತದೆ. ಕ್ಲಾಸ್ ಮುಗಿಸಿ ಸ್ನಾನ ಮಾಡಿದ ಮೇಲೆ ಹಚ್ಚಿ. ಎರಡನೆಯದು ತಣ್ಣನೆಯ ಕಂಬ. ಮೈನಸ್ ಹದಿನೈದರಲ್ಲಿ ಸೈಕಲ್ ತುಳಿದು ಬಂದ ಕೈಗೆ ಬೆರಳೇ ಮಡಚೋಕೆ ಬರಲ್ಲ. ಅಂಥ ಕೈಯಲ್ಲಿ ಕಂಬ ಹಿಡಿಯಬೇಡಿ. ಹದಿನೈದು ನಿಮಿಷ ಮೊದಲೇ ಹೋಗಿ, ಕೈ ಬೆಚ್ಚಗಾಗಲಿ, ಕಂಬವನ್ನು ಬಟ್ಟೆಯಿಂದ ಒರೆಸಿ ಅಂಗೈಯಿಂದ ಉಜ್ಜಿ. ಉಂಗುರ, ಕಡಗ, ಬಳೆ, ವಾಚು ಎಲ್ಲ ತೆಗೆದಿಡಿ. ಅವು ಬೆರಳಿಗೂ ಅಪಾಯ, ಕಂಬಕ್ಕೂ ಗೀರು.

ನೋವಿಗೆ ಹೆಸರಿಡಿ

ಪೋಲ್ ಕಲಿಯುವಾಗ ನೋವೇ ಬೇಡ ಅಂದರೆ ಆಗಲ್ಲ. ಯಾವ ನೋವು ಅಂತ ಗುರುತಿಸೋದನ್ನ ಕಲಿಯಬೇಕು. ಸ್ವೀಡಿಷ್‌ನಲ್ಲಿ ವ್ಯಾಯಾಮ ಮಾಡಿದ ಮರುದಿನದ ಮೈಕೈ ನೋವಿಗೆ 'ತ್ರೆನಿಂಗ್ಸ್‌ವೆರ್ಕ್' ಅಂತ ಬೇರೆಯೇ ಪದವಿದೆ. ಗಾಯಕ್ಕೆ 'ಸ್ಕಾದಾ'. ಅದನ್ನು ಕೇಳಿದಾಗ ನಮಗನ್ನಿಸಿದ್ದು: ಕನ್ನಡದಲ್ಲಿ ನೋವಿಗೆ ಇನ್ನೂ ಹೆಚ್ಚು ಹೆಸರುಗಳಿವೆಯಲ್ಲ! ಅಜ್ಜಿ ಕೇಳ್ತಿದ್ದರು, "ಉರೀತಿದೆಯೋ, ಸೆಳೀತಿದೆಯೋ, ಜೋಮು ಹಿಡಿದಿದೆಯೋ?" ಆ ಪ್ರಶ್ನೆಯನ್ನೇ ಪೋಲ್‌ಗೆ ಬಳಸಿ.

ಉರಿ: ಒಳತೊಡೆ, ಪಾದದ ಮೇಲ್ಭಾಗ, ಮಂಡಿಯ ಹಿಂದೆ ಚರ್ಮ ಉಜ್ಜಿ ಉರಿಯುತ್ತದೆ, ಮರುದಿನ ನೀಲಿಗಟ್ಟುತ್ತದೆ. ಇದು ಆರಂಭದಲ್ಲಿ ಎಲ್ಲರಿಗೂ ಇದ್ದದ್ದೇ. ಕೆಲವು ವಾರಗಳಲ್ಲಿ ಚರ್ಮ ಒಗ್ಗಿಕೊಳ್ಳುತ್ತದೆ. ನೀಲಿಯಾದ ಜಾಗಕ್ಕೇ ಮತ್ತೆ ಮತ್ತೆ ಭಾರ ಹಾಕಬೇಡಿ, ಆ ದಿನ ಬೇರೆ ಏನಾದರೂ ಅಭ್ಯಾಸ ಮಾಡಿ. ಚರ್ಮ ಕಿತ್ತಿದ್ದರೆ ಅದು ಆರುವವರೆಗೆ ಬಿಡಿ.

ಮೈಕೈ ನೋವು: ಒಂದೆರಡು ದಿನ ಜೋರಾಗಿದ್ದು, ಮೂರ್ನಾಲ್ಕು ದಿನದಲ್ಲಿ ಹೋಗುವ, ಸ್ನಾಯುವಿನ ತುಂಬ ಹರಡಿರುವ ನೋವು. ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿರುತ್ತದೆ. ನಡೆದಾಡಿ, ಹಗುರವಾಗಿ ಕೈಕಾಲು ಆಡಿಸಿ. ಹೆದರೋದೇನಿಲ್ಲ.

ಚಳಕು: ಭುಜ, ಮೊಣಕೈ, ಮಣಿಕಟ್ಟಿನ ಕೀಲಿನಲ್ಲಿ ಒಂದೇ ಜಾಗದಲ್ಲಿ ಚುಚ್ಚಿದಂತೆ ಬರುವ ನೋವು. ಕೂತಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರ ಬಂದರೆ, ಸ್ಪ್ಲಿಟ್ಸ್‌ಗೆ ಅವಸರ ಮಾಡಿ ತೊಡೆಯ ಹಿಂದಿನ ಸ್ನಾಯುವಿನ ಬುಡವನ್ನು ಎಳೆದುಕೊಂಡಿರಬಹುದು. ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸಲ ಪ್ರಯತ್ನಿಸಿ ನೋಡೋಣ ಅನ್ನಬೇಡಿ.

ಜೋಮು: ಬೆರಳುಗಳಲ್ಲಿ ಜುಮುಜುಮು, ಮರಗಟ್ಟುವುದು, ಹಿಡಿತ ಸಡಿಲವಾಗುವುದು. ಇದು ನರದ ಮಾತು. ಕಂಬದಿಂದ ಇಳಿದ ಕೂಡಲೇ ಹೋದರೆ ಆ ಭಂಗಿ ಬಿಡಿ. ಹೋಗದಿದ್ದರೆ, ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೋರಿಸಿಕೊಳ್ಳಲೇಬೇಕು.

ಒಬ್ಬಳ ಭುಜದ ಕಥೆ

ನಮ್ಮ ಗುಂಪಿನ ಒಬ್ಬಳಿಗೆ ಎಲ್ಲವೂ ಬೇಗ ಬಂತು. ಎರಡೇ ತಿಂಗಳಲ್ಲಿ ತಲೆಕೆಳಗಾಗಿ ನಿಲ್ತಿದ್ದಳು. ನಾವು ವಿಡಿಯೊ ತೆಗೆದು ಚಪ್ಪಾಳೆ ಹೊಡೆದೆವು. ಮೂರನೇ ತಿಂಗಳಲ್ಲಿ ಬಲಭುಜದಲ್ಲಿ ಚಳಕು ಶುರುವಾಯಿತು. ಕಂಬದವರ ಭಾಷೆಯಲ್ಲಿ ನೀಲಿ ಕಲೆಗಳನ್ನು ಮುದ್ದಿಗೆ 'ಕಂಬದ ಮುತ್ತು' ಅಂತಾರೆ. ಇದೂ ಅದೇ ಜಾತಿಯ ನೋವು ಅಂತ ಅವಳು ತಳ್ಳಿಹಾಕಿದಳು, ನಾವೂ ಹೂಂ ಅಂದ್ವಿ. ಆಮೇಲೆ ಬೆರಳಲ್ಲಿ ಜೋಮು. ಆಗಲೂ ವಾರಕ್ಕೆ ಮೂರು ದಿನ ಕ್ಲಾಸ್ ಬಿಡಲಿಲ್ಲ.

ಒಂದು ದಿನ ಜಾಕೆಟ್ಟಿನ ತೋಳಿಗೆ ಕೈ ತೂರಿಸೋಕೆ ಆಗಲಿಲ್ಲ. ಅವಳದು ಲ್ಯಾಬ್ ಕೆಲಸ. ಪಿಪೆಟ್ ಹಿಡಿದು ಹತ್ತು ನಿಮಿಷಕ್ಕೆ ಕೈ ನಡುಗ್ತಿತ್ತು. ಥೀಸಿಸ್ ಒಂದು ಸೆಮಿಸ್ಟರ್ ಮುಂದಕ್ಕೆ ಹೋಯಿತು. ಅದಕ್ಕೆ ತಕ್ಕಂತೆ ವಾಸದ ಪರವಾನಗಿ ವಿಸ್ತರಿಸಬೇಕು, ಬಾಡಿಗೆಗೆ ದುಡ್ಡು ಬೇಕು. ಮನೆಗೆ ಹೇಳಬೇಕೆಂದರೆ ಭುಜ ಯಾಕೆ ನೋಯುತ್ತಿದೆ ಅಂತ ಹೇಳಬೇಕು. ಅದನ್ನು ತಪ್ಪಿಸೋಕೆ ಹೋಗಿ, ಚಿಕಿತ್ಸೆಯನ್ನೇ ಆರು ವಾರ ಮುಂದೂಡಿದ್ದಳು.

ಫಿಸಿಯೊಥೆರಪಿಸ್ಟ್ ವಿವರಿಸಿದ್ದು ಇಷ್ಟು. ಸ್ನಾಯು ವಾರಗಳಲ್ಲೇ ಬಲವಾಗಲು ಶುರುವಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ, ಅಂದರೆ ಟೆಂಡನ್, ಗಟ್ಟಿಯಾಗಲು ತಿಂಗಳುಗಳು ಬೇಕು. ಹಾಗಾಗಿ ಎರಡು ಮೂರನೇ ತಿಂಗಳು ಬಹಳ ಮೋಸದ ಕಾಲ: ಮಾಡಬಲ್ಲೆ ಅನ್ನೋ ಬಲ ಬಂದಿರುತ್ತದೆ, ತಡೆದುಕೊಳ್ಳೋ ಹಗ್ಗ ಇನ್ನೂ ಸಿದ್ಧವಾಗಿರುವುದಿಲ್ಲ. ಚೆನ್ನಾಗಿ ಮಾಡುವವರಿಗೇ ಈ ಅಪಾಯ ಹೆಚ್ಚು. ಚಪ್ಪಾಳೆ ಹೊಡೆದ ನಾವೂ ಇದರಲ್ಲಿ ಪಾಲುದಾರರು ಅನ್ನೋದನ್ನ ಇಲ್ಲಿ ಒಪ್ಪಿಕೊಳ್ತೀವಿ.

ಈಗ ನಾವು ಮಾಡೋದು ಹೀಗೆ

ಮೊದಲ ಆರು ತಿಂಗಳು ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಕ್ಲಾಸ್, ನಡುವೆ ಎರಡು ದಿನವಾದರೂ ಬಿಡುವು. ಉಳಿದ ದಿನ ಬೇಕಿದ್ದರೆ ಇಕ್ಸುಗೆ ಹೋಗಿ ಸಾಮಾನ್ಯ ಬಲದ ವ್ಯಾಯಾಮ. 1959ರಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ಕ್ರೀಡಾ ಸಂಘವದು, ಕ್ಯಾಂಪಸ್ಸಿನ ಪಕ್ಕದಲ್ಲೇ ಇದೆ. ಪೋಲ್‌ನಲ್ಲಿ ಎಳೆಯೋ ಕೆಲಸವೇ ಹೆಚ್ಚು. ಆದ್ದರಿಂದ ದಂಡ ಹೊಡೆಯುವಂಥ ತಳ್ಳೋ ವ್ಯಾಯಾಮವನ್ನೂ ಸೇರಿಸಿಕೊಳ್ಳಿ.

ಕ್ಲಾಸಿನ ಮೊದಲ ಹತ್ತು ಹದಿನೈದು ನಿಮಿಷ ವಾರ್ಮ್ ಅಪ್. ಮೈ ಬೆವರೊಡೆಯುವಷ್ಟು ಕುಣಿತ, ಆಮೇಲೆ ಮಣಿಕಟ್ಟು, ಮೊಣಕೈ, ಭುಜ, ಸೊಂಟ ತಿರುಗಿಸುವುದು. ಬಹಳ ಹೊತ್ತು ಎಳೆದು ಹಿಡಿಯುವ ಸ್ಟ್ರೆಚ್ ಕೊನೆಗೆ ಇರಲಿ. ತಡವಾಗಿ ಬಂದು ವಾರ್ಮ್ ಅಪ್ ತಪ್ಪಿದರೆ ಕಂಬ ಮುಟ್ಟೋ ಮುಂಚೆ ಪಕ್ಕದಲ್ಲಿ ನೀವೇ ಮಾಡಿಕೊಳ್ಳಿ.

ಕಂಬ ಹಿಡಿದಾಗ ಭುಜ ಕಿವಿಯ ಹತ್ತಿರ ಏರಬಾರದು. ಒದ್ದೆ ಬಟ್ಟೆಯಂತೆ ಜೋತುಬೀಳದೆ, ಭುಜವನ್ನು ಕೆಳಗೆಳೆದು, ಬೆನ್ನಿನ ಸ್ನಾಯುಗಳಿಂದ ಹಿಡಿಯಿರಿ. ಜೋತುಬಿದ್ದರೆ ಇಡೀ ಭಾರ ಕೀಲಿನ ಮೇಲೆ ಬೀಳುತ್ತದೆ. ಮುಷ್ಟಿಯನ್ನೂ ಬೇಕಾದ್ದಕ್ಕಿಂತ ಬಿಗಿ ಹಿಡಿಯಬೇಡಿ, ಮೊಣಕೈಯ ಒಳಬದಿ ನೋಯೋದು ಅದರಿಂದಲೇ. ಕೈಯನ್ನು ತಿರುಚಿ ಹಿಡಿಯೋ 'ಟ್ವಿಸ್ಟೆಡ್ ಗ್ರಿಪ್' ವಿಡಿಯೊದಲ್ಲಿ ಚೆಂದ, ಭುಜಕ್ಕೆ ಕಷ್ಟ. ಮೊದಲ ವರ್ಷ ಅದರ ತಂಟೆಗೆ ಹೋಗದಿದ್ದರೆ ನಷ್ಟವೇನಿಲ್ಲ.

ಎಡಗಡೆಯನ್ನೂ ಮಾಡಿ. ಎಲ್ಲರಿಗೂ ಒಂದು ಕಡೆ ಸಲೀಸು, ಅದನ್ನೇ ನೂರು ಸಲ ಮಾಡ್ತೀವಿ. ಒಂದೇ ಭುಜ, ಒಂದೇ ಸೊಂಟ ಸವೆಯುತ್ತದೆ. ಬಾರದ ಕಡೆಯಿಂದಲೇ ಶುರುಮಾಡಿ.

ಇನ್ನು ತಲೆಕೆಳಗಾಗುವುದು. ಇದಕ್ಕೆ ನಾವು ಮೂರು ಪರೀಕ್ಷೆ ಇಟ್ಟುಕೊಂಡಿದ್ದೀವಿ. ಒಂದು, ಮೊಣಕೈ ಮಡಚಿ ಹತ್ತು ಸೆಕೆಂಡು ಕಂಬದಲ್ಲಿ ಅಲುಗದೆ ನಿಲ್ಲಬೇಕು. ಎರಡು, ನೆಲದಿಂದ ಜಿಗಿಯದೆ, ಒದೆಯದೆ, ಮಂಡಿಗಳನ್ನು ಎದೆಯವರೆಗೆ ಎತ್ತಬೇಕು. ಮೂರು, ಎಲ್ಲಿಂದಲಾದರೂ ನಿಧಾನವಾಗಿ, ಸದ್ದಾಗದಂತೆ ಕೆಳಗಿಳಿಯಬೇಕು. ಮೂರನೆಯದು ಬಾರದವರು ಹತ್ತಲೇಬಾರದು. ಬೀಳುವುದು ಹೆಚ್ಚಾಗಿ ದಣಿದ ಕೈಯಲ್ಲಿ ಇಳಿಯುವಾಗ. ಹಾಗಾಗಿ ಕ್ಲಾಸಿನ ಕೊನೆಯ ಹತ್ತು ನಿಮಿಷದಲ್ಲಿ ಹೊಸ ಭಂಗಿ ಬೇಡ. ಕೆಳಗೆ ದಪ್ಪ ಮ್ಯಾಟ್, ಪಕ್ಕದಲ್ಲಿ ಹಿಡಿಯಬಲ್ಲವರು ಇಬ್ಬರೂ ಇರಲಿ. ಮ್ಯಾಟ್ ಒಂದೇ ಕುತ್ತಿಗೆಯನ್ನು ಕಾಯುವುದಿಲ್ಲ.

ರೂಮಿನಲ್ಲೇ ಕಂಬ ಹಾಕಿಸೋಣ ಅನ್ನೋರಿಗೆ ಒಂದು ಮಾತು. ಮನೆಯ ಕಂಬಗಳು ಸಾಮಾನ್ಯವಾಗಿ ನೆಲಕ್ಕೂ ಚಾವಣಿಗೂ ನಡುವೆ ಒತ್ತಡದಿಂದ ನಿಲ್ಲುತ್ತವೆ. ಚಾವಣಿ ಟೊಳ್ಳಾಗಿದ್ದರೆ ಕಂಬವೂ ನೀವೂ ಒಟ್ಟಿಗೆ ಕೆಳಗೆ. ಬಾಡಿಗೆ ಕೊಟ್ಟವರನ್ನು ಕೇಳಿ, ಒಬ್ಬರೇ ಇದ್ದಾಗ ತಲೆಕೆಳಗಾಗಬೇಡಿ.

ಪೆಟ್ಟಾದರೆ

ಕುತ್ತಿಗೆ ಅಥವಾ ತಲೆ ಬಡಿದು ಬಿದ್ದವರನ್ನು ಎತ್ತಿ ಕೂರಿಸಬೇಡಿ. ಅಲುಗಾಡಿಸದೆ 112ಕ್ಕೆ ಕರೆ ಮಾಡಿ. ತುರ್ತಲ್ಲದಿದ್ದರೆ 1177, ಅಲ್ಲಿ ನರ್ಸ್ ಸಲಹೆ ಕೊಡ್ತಾರೆ. ಹೆಚ್ಚಿನ ಕಡೆ ಡಾಕ್ಟರ ಚೀಟಿ ಇಲ್ಲದೆಯೂ ಫಿಸಿಯೊಥೆರಪಿಸ್ಟ್ ಹತ್ತಿರ ನೇರವಾಗಿ ಸಮಯ ಕೇಳಬಹುದು. "ಯಾ ಹಾರ್ ಉಂತ್ ಇ ಅಕ್ಸೆಲ್ನ್" ಅಂದರೆ ನನಗೆ ಭುಜ ನೋಯ್ತಿದೆ ಅಂತ. ಇಷ್ಟು ಸ್ವೀಡಿಷ್ ಸಾಕು, ಮುಂದಿನದು ಇಂಗ್ಲಿಷಿನಲ್ಲಿ ನಡೆಯುತ್ತೆ. ನಿಮ್ಮ ವಿಮೆ ಕ್ರೀಡೆಯ ಗಾಯಕ್ಕೆ ಅನ್ವಯಿಸುತ್ತಾ ಅಂತ ಪೆಟ್ಟಾಗೋ ಮುಂಚೆಯೇ ಓದಿಡಿ.

ಇನ್ನೊಂದು: ಯಾರಿಗಾದರೂ ಹೇಳಿ. ಮನೆಗೆ ಹೇಳಲಾಗದಿದ್ದರೆ ನಮ್ಮ ಗುಂಪಿಗಾದರೂ ಹೇಳಿ. ಕ್ಲಾಸಿಗೆ ಹೋಗುವುದನ್ನು ಮುಚ್ಚಿಟ್ಟರೆ ನೋವನ್ನೂ ಮುಚ್ಚಿಡಬೇಕಾಗುತ್ತದೆ.

ನಮ್ಮ ಗೆಳತಿ ಕೊನೆಗೆ ಫೋನಿನಲ್ಲಿ ಎಲ್ಲ ಹೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಭುಜಕ್ಕೆ ಬಿಸಿ ಹರಳೆಣ್ಣೆ ತಿಕ್ಕಿದ್ಯೇನೇ?" ಅಂತ ಮಾತ್ರ ಕೇಳಿದರಂತೆ. ಬೈಗುಳ ಮರುದಿನ ಬಂತು, ಅಪ್ಪನಿಂದ. ಅದೂ ಕಂಬ ಹತ್ತಿದ್ದಕ್ಕಲ್ಲ, ಆರು ವಾರ ಸುಮ್ಮನಿದ್ದದ್ದಕ್ಕೆ. ಎಂಟು ತಿಂಗಳ ನಂತರ ಅವಳು ಮತ್ತೆ ಕ್ಲಾಸಿಗೆ ಬರ್ತಿದ್ದಾಳೆ, ಆರಂಭದವರ ಜೊತೆ, ವಾರಕ್ಕೆ ಒಂದೇ ದಿನ. ಹೊಸಬರಿಗೆ ಮೊದಲು ಇಳಿಯೋದನ್ನ ತೋರಿಸಿಕೊಡೋದು ಈಗ ಅವಳೇ.

ಬರೋ ಸೆಮಿಸ್ಟರ್‌ನಲ್ಲಿ ಬರಬೇಕು ಅನ್ನಿಸಿದವರು ಸಂಘದ ಯಾರನ್ನಾದರೂ ಕೇಳಿ. ಚಡ್ಡಿ, ನೀರಿನ ಬಾಟಲಿ, ಒಂದು ಸಣ್ಣ ಟವಲ್ ತನ್ನಿ. ಲೋಷನ್ ಹಚ್ಕೊಂಡು ಬರಬೇಡಿ.