ಸಮಾಲೋಚಕಿಗೂ ಹಿರಿಯರೊಬ್ಬರು ಬೇಕು



ರಾಗಿಗುಡ್ಡದ ಮನೆಗಳಲ್ಲಿ ಬೆಳೆಯುವ ಬಾಲಕಿಯು ತಾಯಿಗೂ ಹೇಳಲಾರದ ದುಃಖವನ್ನು ಆಪ್ತಸಮಾಲೋಚಕಿಯ ಮುಂದೆ ಹೇಳಿಕೊಳ್ಳುವುದುಂಟು. ಆದರೆ ಪರರ ಕಣ್ಣೀರನ್ನು ಕೇಳುವ ಆಕೆಯ ಮನೋಭಾರವನ್ನು ಕೇಳುವವರಾರು? ಆಕೆಯು ತಪ್ಪಿದರೆ ತಿದ್ದುವವರಾರು?

ಇದಕ್ಕಾಗಿಯೇ ಮೇಲ್ವಿಚಾರಣೆಯೆಂಬ ಪದ್ಧತಿಯು ಏರ್ಪಟ್ಟಿದೆ. 1920ರಲ್ಲಿ ಬರ್ಲಿನ್ ನಗರದಲ್ಲಿ ಸ್ಥಾಪಿತವಾದ ಮನೋವಿಶ್ಲೇಷಣೆಯ ಚಿಕಿತ್ಸಾಲಯದಲ್ಲಿ ಮ್ಯಾಕ್ಸ್ ಐಟಿಂಗನ್ ಮೊದಲಾದವರು ಇದನ್ನು ಶಿಕ್ಷಣದ ಅಂಗವನ್ನಾಗಿ ಮಾಡಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮನೋಚಿಕಿತ್ಸೆಯನ್ನು ಕಲಿಯುವವರು ಹಿರಿಯರ ಮೇಲ್ವಿಚಾರಣೆಯಲ್ಲಿಯೇ ಅಭ್ಯಾಸ ಮಾಡುತ್ತಾರೆ.

ಇದು ಶಾಲಾ ಇನ್‌ಸ್ಪೆಕ್ಟರರ ತನಿಖೆಯಂಥದಲ್ಲ. ಗೊತ್ತಾದ ದಿನದಲ್ಲಿ ಸಮಾಲೋಚಕಿಯು ಅನುಭವಿಗಳಾದ ಹಿರಿಯರೊಡನೆ ಕುಳಿತು, ತಾನು ಕೇಳಿದ್ದೇನು, ಆಡಿದ್ದೇನು, ಎಲ್ಲಿ ಆತುರಪಟ್ಟೆನು, ಯಾವ ಮಗುವಿನ ಮಾತಿನಿಂದ ತನ್ನ ಹಳೆಯ ನೋವೇ ಕೆರಳಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ವಿಚಾರಿಸುತ್ತಾಳೆ.

“ನಮ್ಮ ಮಗಳ ಗುಟ್ಟು ಮೂರನೆಯವರ ಕಿವಿಗೆ ಬೀಳುವುದಷ್ಟೆ?” ಎಂದು ಪೋಷಕರು ಶಂಕಿಸಬಹುದು. ಹೆಸರು ಗುರುತುಗಳನ್ನು ಮರೆಸಿ ಮಾತನಾಡುವುದೇ ಕ್ರಮ. ಆ ಹಿರಿಯರೂ ಗುಟ್ಟಿಗೆ ಬದ್ಧರು. ಈ ಏರ್ಪಾಡನ್ನು ಮಗುವಿಗೂ ಮನೆಯವರಿಗೂ ಮೊದಲೇ ತಿಳಿಸತಕ್ಕದ್ದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ ಮಾತ್ರ, 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅಂಥ ವೇಳೆಯಲ್ಲಿ ಹೊಸಬಳಾದ ಸಮಾಲೋಚಕಿಯು ಹೆದರಿ ಸುಮ್ಮನಿರದಂತೆ ಧೈರ್ಯಕೊಡುವವರೂ ಈ ಹಿರಿಯರೇ.

ಬೆಳಗಿನಿಂದ ಸಾಯಂಕಾಲದವರೆಗೆ ಜನರ ವ್ಯಾಜ್ಯಗಳನ್ನು ಒಬ್ಬನೇ ಹೊತ್ತ ಮೋಶೆಗೆ ಅವನ ಮಾವನು ಹೇಳಿದ ಬುದ್ಧಿಯನ್ನು ನಮ್ಮ ವಾಚಕರು ಬಲ್ಲರು. ಆದುದರಿಂದ ಮಗಳನ್ನು ಸಮಾಲೋಚನೆಗೆ ಕರೆದೊಯ್ಯುವಾಗ, “ನಿಮಗೆ ಮೇಲ್ವಿಚಾರಕರುಂಟೇ?” ಎಂದು ಸಂಕೋಚವಿಲ್ಲದೆ ಕೇಳಿರೆಂದು ನಾವು ವಿಜ್ಞಾಪಿಸುತ್ತೇವೆ. ಇದು ಅವಿಶ್ವಾಸದ ಪ್ರಶ್ನೆಯಲ್ಲ; ಮಗುವಿನ ಮೇಲಣ ಮಮತೆಯ ಪ್ರಶ್ನೆ.